ಮಗ್ಗದ ಗುಂಡಿಗೆ ಮುಚ್ಚಿದ ಬಂಡೆ

ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿದೆ. ಒಬ್ಬ ಮನುಷ್ಯ ಕೈಕಾಲು ಚಾಚಿ ಮಲಗಬಹುದು, ಅಷ್ಟು ದೊಡ್ಡದು. ಬೀದಿಯಲ್ಲಿ ಇನ್ನಾರ ಮನೆಯಲ್ಲೂ ಇಂಥ ಕಲ್ಲಿಲ್ಲ. ಹಿಂದಿನ ಕೋಣೆಗೆ ಬಾಡಿಗೆಗೆ ಬರುವ ಹೆಂಗಸರು ಮೊದಲ ದಿನ ಇದನ್ನು ನೋಡಿ, "ಇದರ ಮೇಲೆ ಮದುವೆ ಊಟಾನೇ ಹಾಕ್ಬೋದಲ್ಲಮ್ಮ" ಎಂದು ನಗುತ್ತಾರೆ. ನಾನೂ ನಗುತ್ತೇನೆ. ಹಿತ್ತಲಿಗೆ ಬರುವ ಮೊದಲು ಈ ಕಲ್ಲು ಮನೆಯೊಳಗೆ, ನಮ್ಮ ಯಜಮಾನರ ಮಗ್ಗದ ಗುಂಡಿಯ ಮೇಲೆ ಮುಚ್ಚಿತ್ತು. ತಂದು ಮುಚ್ಚಿದವರು ನಮ್ಮ ಬೀದಿಯವರೇ. ಯಜಮಾನರ ಮೇಲಿನ ಪ್ರೀತಿಯಿಂದಲೇ ಮುಚ್ಚಿದರು. ಆ ಪ್ರೀತಿಯಲ್ಲಿ ಯಜಮಾನರ ಕೈಚಳಕ ಹೇಗೆ ಹೋಯಿತು, ಮತ್ತೆ ಹೇಗೆ ಬಂತು ಎಂಬುದನ್ನು ಬರೆದಿಡಬೇಕೆನ್ನಿಸಿದೆ.

ನಮ್ಮ ಯಜಮಾನರ ಹೆಸರು ಸಂಜೀವಪ್ಪ. ಬಾಯಲ್ಲಿ ಹೇಳುವ ರೂಢಿ ನನಗಿಲ್ಲ, ಬರೆಯುವಾಗ ಬೇರೆ ದಾರಿಯಿಲ್ಲ. ಹಿಂದೂಪುರದ ನೇಕಾರರ ಬೀದಿಯಲ್ಲಿ ಅವರದೂ ಅವರ ಅಣ್ಣ ಜಯರಾಮಪ್ಪನವರದೂ ಅಕ್ಕಪಕ್ಕದ ಮನೆ. ನಡುಗೋಡೆಗೆ ಒಂದು ಕಿಟಕಿ. ಆ ಮಗ್ಗದ ಸದ್ದು ಈ ಮನೆಗೆ, ಈ ಮಗ್ಗದ ಸದ್ದು ಆ ಮನೆಗೆ. ನಮ್ಮ ಅತ್ತೆ ಸರಸ್ವತಮ್ಮನವರು ಎರಡೂ ಮನೆಗೆ ಸೇರಿದವರು. ಊಟ ಅಲ್ಲಿ ಮಾಡಿ ಎಲೆಅಡಿಕೆ ಇಲ್ಲಿ ಹಾಕುತ್ತಿದ್ದರು.

ನಾವು ನೇಯುತ್ತಿದ್ದದ್ದು ರೇಷ್ಮೆ ಸೀರೆ, ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಅಂಥ ಸೀರೆಗೆ ಒಬ್ಬರು ಸಾಲದು. ನೇಯುವವರು ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ. ಅವರ ಬಲಗಡೆ, ಮೇಲೆ, ಅಂಚಿನ ಲಾಳಿ ಹಾಕಲು ಇನ್ನೊಬ್ಬರು ಕೂರಬೇಕು. ಆ ಪಕ್ಕದ ಜಾಗ ನಮ್ಮಲ್ಲಿ ಹೆಂಗಸರದ್ದು. ಕಲ್ಯಾಣದುರ್ಗದಿಂದ ಮದುವೆಯಾಗಿ ಬಂದ ಮೇಲೆ ನಾನು ಅಲ್ಲಿ ಕೂತೆ. ಅವರು ಎಡಗೈಯಿಂದ ಲಾಳಿ ಎಸೆದರೆ ಎಳೆಗಳ ನಡುವೆ ಓಡಿ ಬಂದದ್ದನ್ನು ಬಲಗೈ ಹಿಡಿಯುತ್ತಿತ್ತು. ಬಲಗೈ ಎಸೆದರೆ ಎಡಗೈ ಹಿಡಿಯುತ್ತಿತ್ತು. ಕಣ್ಣು ನೇಯ್ಗೆಯ ಮೇಲೆ, ಬಾಯಿ ನನ್ನ ಜೊತೆ ಮಾತಿನಲ್ಲಿ. ಕೈಗಳು ತಮ್ಮ ಪಾಡಿಗೆ ತಾವು ಕೊಟ್ಟು ತಗೊಂಡು ಮಾಡುತ್ತಿದ್ದವು.

ಸಂಜೆ ಮಗ್ಗ ನಿಲ್ಲಿಸಿ ಗಂಡಸರು ಬೀದಿ ಕೊನೆಯ ಬಯಲಿಗೆ ಹೋಗಿ ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದರು. ಈಗ ಟಿವಿಯಲ್ಲಿ ತೋರಿಸುವ ಗರಿ ಹೊಡೆಯುವ ಆಟ ಬೇರೆ. ಇದು ಹಳದಿ ಉಣ್ಣೆಯ ಚೆಂಡಿನ ಆಟ, ಚೆಂಡು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಈ ಕಡೆ ಐದು ಜನ, ಆ ಕಡೆ ಐದು ಜನ, ನಡುವೆ ಬಲೆ. ಚೆಂಡು ನಮ್ಮ ನೆಲಕ್ಕೆ ಬಿದ್ದರೆ ಪಾಯಿಂಟು ಅವರಿಗೆ. ದಿನವೆಲ್ಲ ಗುಂಡಿಯಲ್ಲಿ ಕೂತ ಕಾಲುಗಳಿಗೆ ಆ ಹೊತ್ತು ಹಬ್ಬ.

ನಮ್ಮ ಯಜಮಾನರ ಆಟದಲ್ಲಿ ಒಂದು ವಿಶೇಷವಿತ್ತು. ಚೆಂಡು ಎಡಗಡೆ ಬಂದರೆ ಬೇರೆಯವರು ಮೈ ತಿರುಗಿಸಿಕೊಂಡು ಹೊಡೆಯುತ್ತಾರೆ. ಇವರು ಬ್ಯಾಟನ್ನೇ ಬಲಗೈಯಿಂದ ಎಡಗೈಗೆ ಎಸೆದುಕೊಂಡು ಹೊಡೆದುಬಿಡುತ್ತಿದ್ದರು. ಬ್ಯಾಟು ಗಾಳಿಯಲ್ಲಿ ಹೋದದ್ದು ಎದುರಿನವರಿಗೆ ಕಾಣುವಷ್ಟರಲ್ಲಿ ಚೆಂಡು ಅವರ ಕಾಲಬುಡದಲ್ಲಿ ಬಿದ್ದಿರುತ್ತಿತ್ತು. ಯಾರು ಕಲಿಸಿದರು ಎಂದು ಕೇಳಿದರೆ, "ಯಾರು ಕಲಿಸ್ತಾರೆ? ಕೈ ಖಾಲಿ ಇತ್ತು, ಹಿಡ್ಕಂತು" ಎನ್ನುತ್ತಿದ್ದರು.

ಎಪ್ಪತ್ತೇಳರ ದೀಪಾವಳಿ ಕಳೆದ ಮೇಲೆ ಅವರ ಕಾಲ ಬಂತು. ಕಡಲೆಕಾಯಿ ಕೊಯ್ಲು ಮುಗಿದು ಊರೂರಲ್ಲಿ ಪಂದ್ಯ ಇಡುವ ದಿನಗಳು ಅವು. ನಮ್ಮ ಬೀದಿಯ ಐವರು ಚಿಲಮತ್ತೂರಿನಲ್ಲಿ ಗೆದ್ದರು, ಕಂಬದೂರಿನಲ್ಲಿ ಗೆದ್ದರು. ಸಂಕ್ರಾಂತಿಯ ಹೊತ್ತಿಗೆ ಅವರ ಹೆಸರು ಎರಡು ಕೈ ಸಂಜೀವಪ್ಪ ಎಂದಾಗಿತ್ತು. ಕೊನೆಯ ದೊಡ್ಡ ಪಂದ್ಯ ಕಲ್ಯಾಣದುರ್ಗದಲ್ಲಿ, ಕಡಲೆಕಾಯಿ ವ್ಯಾಪಾರಿಗಳು ಇಟ್ಟ ಬೆಳ್ಳಿ ಕಪ್ಪಿಗೆ. ಮೈದಾನ ನನ್ನ ತವರುಮನೆಯ ಹಿಂದೆಯೇ. ನಾನು ಮುಂಚೆಯೇ ಬಸ್ಸು ಹತ್ತಿ ಹೋಗಿ ಅಮ್ಮನ ಜೊತೆ ಮಾಳಿಗೆಯ ಮೇಲೆ ಕೂತಿದ್ದೆ.

ಕಲ್ಯಾಣದುರ್ಗದ ಕಡೆಯಲ್ಲಿ ಗಂಗಣ್ಣ ಎಂಬ ರೈತ. ಎತ್ತರದ ಆಳು, ಅದಕ್ಕಿಂತ ಎತ್ತರದ ಗಂಟಲು. ನಮ್ಮವರು ಮೈದಾನಕ್ಕೆ ಇಳಿಯುವಾಗಲೇ ಕೂಗಿದ, "ಏಯ್, ಗುಂಡಿಯಾಗಿಂದ ಎದ್ದು ಬಂದವ್ರೆ ಕಣ್ರೋ! ಬಿಸ್ಲು ಬಡಿದಾತು, ಯಾರಾನ ಕೊಡೆ ತಂದ್ಕೊಡ್ರಿ!"

ಜನ ಗೊಳ್ಳೆಂದು ನಕ್ಕರು. ಜಯರಾಮಪ್ಪ ಭಾವ ಬಿಡುವವರಲ್ಲ. "ಕೊಡೆ ನಿನ್ತಾವೇ ಮಡಿಕ್ಕಳಪ್ಪ. ಸಾಯಂಕಾಲ ಮಕ ಮುಚ್ಕಂಡು ಮನೆಗೆ ಹೋಗಾಕೆ ಬೇಕಾಯ್ತದೆ" ಎಂದರು.

ಆಟ ಅರ್ಧಕ್ಕೆ ಬರುವಷ್ಟರಲ್ಲಿ ಗಂಗಣ್ಣನ ನಗು ನಿಂತಿತ್ತು. ಅವನು ಅಂಪೈರ್ ಕೇಶವಯ್ಯ ಮೇಷ್ಟರ ಹತ್ತಿರ ಹೋಗಿ ಜಗಳ ತೆಗೆದ. "ಸಾರ್, ಇವ್ನು ಕೈ ಬದ್ಲಾಯಿಸ್ತಾನೆ! ಎರಡು ಕೈಯಾಗೂ ಆಡಿದ್ರೆ ಅವ್ರು ಆರು ಜನ ಆದಂಗಲ್ವಾ?"

ಮೇಷ್ಟರು ಕನ್ನಡಕ ಸರಿಮಾಡಿಕೊಂಡು, "ಅವನ ಹತ್ರ ಬ್ಯಾಟು ಎಷ್ಟೈತೆ?" ಎಂದು ಕೇಳಿದರು.

"ಒಂದೇ."

"ತಲೆ ಎಷ್ಟೈತೆ?"

"ಅದೂ ಒಂದೇ ಸಾರ್."

"ಮರಿ ಊರುಕೋವಯ್ಯಾ" ಎಂದು ಮೇಷ್ಟರು ತೆಲುಗಿನಲ್ಲಿ ಗದರಿದರು. "ಸುಮ್ನಿರು, ಬಾಯಿ ಮುಚ್ಕಂಡು ಆಡು."

ಮಾಳಿಗೆಯ ಮೇಲೆ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನು ತವರೂರು ಸೋಲುತ್ತಿದೆ ಎಂಬುದನ್ನೂ ಮರೆತು ಚಪ್ಪಾಳೆ ತಟ್ಟಿದೆ. ಕಪ್ಪು ನಮ್ಮ ಬೀದಿಗೆ ಬಂತು. ಜಿಲ್ಲಾ ಸಂಘದ ಒಬ್ಬರು ಬಂದು, ಬರುವ ವರ್ಷ ಜಿಲ್ಲಾ ತಂಡಕ್ಕೆ ಆಟಗಾರರನ್ನು ಆರಿಸುವ ಪಂದ್ಯವೂ ಇದೇ ಮೈದಾನದಲ್ಲಿ ನಡೆಯುತ್ತದೆ, ಇದೇ ಆಟ ಆಡಿದರೆ ಸಂಜೀವಪ್ಪನ ಜಾಗ ಖಾಯಂ ಎಂದು ಎಲ್ಲರೆದುರು ಹೇಳಿದರು. ನೇಕಾರರ ಬೀದಿಯಿಂದ ಅಲ್ಲಿಯವರೆಗೆ ಯಾರೂ ಜಿಲ್ಲೆಗೆ ಆಡಿರಲಿಲ್ಲ. ಯಜಮಾನರ ಮುಖ ಅವತ್ತು ಇದ್ದ ಹಾಗೆ ಮದುವೆಯ ದಿನವೂ ಇರಲಿಲ್ಲ.

ಅಂದೇ ಇನ್ನೊಂದು ವಿಷಯವೂ ಆಯಿತು. ಹಿಂದಿನ ದಿನ ಜರಿ ಎಳೆ ಅವರ ಬೆರಳು ಕೊಯ್ದಿತ್ತು. ನಮಗೆ ಅದು ದಿನದ ಮಾತು, ಅರಿಶಿನ ಒತ್ತಿಕೊಂಡರೆ ಮುಗಿಯಿತು. ಆಟದಲ್ಲಿ ಗಾಯ ಬಿಟ್ಟುಕೊಂಡು ಬ್ಯಾಟಿನ ಹಿಡಿಯೆಲ್ಲ ರಕ್ತವಾಗಿತ್ತು. ಬೀದಿಯ ಹಿರಿಯರು ವೆಂಕಟರಾಮಪ್ಪನವರು ಅದನ್ನು ಕೈಗೆ ತೆಗೆದುಕೊಂಡು ನೋಡಿದರು. ತಮ್ಮ ಟವೆಲಿನಿಂದ ಒರೆಸಿ ಕೊಟ್ಟರು.

ಮನಸ್ಸಿನಲ್ಲಿದ್ದದ್ದನ್ನು ಹೇಳಿದ್ದು ಯುಗಾದಿ ಆದ ಮೇಲೆ, ಚೌಡಮ್ಮನ ಗುಡಿ ಮುಂದೆ ಬೀದಿಯವರನ್ನೆಲ್ಲ ಸೇರಿಸಿ. "ಪಂದ್ಯಕ್ಕೆ ಬಿಡೋ ಎತ್ತನ್ನ ಯಾರಾನ ನೇಗಿಲಿಗೆ ಕಟ್ತಾರಾ? ಈ ಕೈ ಇನ್ನು ಎಳೆಗೆ ಕುಯ್ಯಿಸ್ಕಬಾರ್ದು. ಸಂಜೀವಪ್ಪ ಮಗ್ಗ ಬಿಡ್ಲಿ. ಅವನ ಪಾಲಿನ ಸೀರೆ ಮನೆಗೊಂದರಂಗೆ ನಾವು ನೇದು ಕೊಡಾನ. ನಮ್ಮನ್ನ ಗುಂಡಿಯಾಗಿರೋರು ಅಂತಾರಲ್ಲ, ಒಬ್ನಾನ ಮೇಲೆ ಕುಂತ್ಕಳ್ಳಿ."

ಎಲ್ಲರೂ ಹೂಂ ಎಂದರು. ನಮ್ಮ ಯಜಮಾನರು ಎದ್ದು ನಿಂತು, "ಕೆಲ್ಸ ಇಲ್ದೆ ನಾನೇನ್ ಮಾಡ್ಲಿ ಮಾವ?" ಎಂದರು.

"ಆಡು. ಆಡದೇ ಇದ್ದಾಗ ಕುಂತ್ಕ."

ನಮ್ಮವರಲ್ಲಿ ನೇಯುವವರಿಲ್ಲದ ಗುಂಡಿಯನ್ನು ಬಾಯಿ ತೆರೆದು ಬಿಡುವುದಿಲ್ಲ. ಒಂದೋ ಯಾರಾದರೂ ಇಳಿದು ಕೂರಬೇಕು, ಇಲ್ಲವೇ ಮುಚ್ಚಬೇಕು. ಹಲಗೆ ಸಾಕು ಎಂದರು ಜಯರಾಮಪ್ಪ ಭಾವ. ವೆಂಕಟರಾಮಪ್ಪನವರು ಒಪ್ಪಲಿಲ್ಲ. "ಹಲಗೆ ಆದ್ರೆ ಇವ್ನು ಸರಿಸಿ ಇಳಿದ್ಬುಡ್ತಾನೆ ಕಣಪ್ಪ, ಇವನ ಬುದ್ಧಿ ನಂಗೊತ್ತು" ಎಂದು ತಮ್ಮ ಮನೆ ಮಾಳಿಗೆಗೆ ತರಿಸಿ ಉಳಿದಿದ್ದ ಕಲ್ಲಿನ ಚಪ್ಪಡಿಯನ್ನು ಎತ್ತಿನ ಗಾಡಿಯಲ್ಲಿ ಕಳಿಸಿದರು. ಹೊತ್ತು ತಂದವರು ತಂಡದ ಉಳಿದ ನಾಲ್ವರೇ, ಜೊತೆಗೆ ಇನ್ನಿಬ್ಬರು. ಮಗ್ಗದ ಮರಗಳನ್ನು ಬಿಚ್ಚಿ ಅಟ್ಟಕ್ಕೆ ಹಾಕಿದರು. ಗುಂಡಿಯ ಮೇಲೆ ಬಂಡೆ ಕೂತಿತು. ಬಂಡೆಯ ಮೇಲೆ ಒಂದು ಮಡಚುವ ಕಬ್ಬಿಣದ ಕುರ್ಚಿ, ಅದೂ ಬೀದಿಯವರ ಉಡುಗೊರೆ. ಮನೆಯಲ್ಲಿ ಅದೇ ಮೊದಲ ಕುರ್ಚಿ. ಅವರು ಅದರ ಮೇಲೆ ಕೂತಾಗ ಕಾಲು ಎಲ್ಲಿಡಬೇಕೆಂದು ಗೊತ್ತಾಗದೆ ಮೇಲೆ ಮಡಚಿಕೊಂಡರು.

ಆ ವರ್ಷ ಅವರನ್ನು ಸಾಕಿದ ಹಾಗೆ ಯಾರೂ ಮಗುವನ್ನೂ ಸಾಕುವುದಿಲ್ಲ. ಒಬ್ಬರ ಮನೆಯಿಂದ ಮೊಟ್ಟೆ, ಇನ್ನೊಬ್ಬರ ಮನೆಯಿಂದ ಹಾಲು. ಕೊಡ ಮುಟ್ಟುವ ಹಾಗಿಲ್ಲ, ಸೌದೆ ಮುಟ್ಟುವ ಹಾಗಿಲ್ಲ. ಒಂದು ಬೆಳಿಗ್ಗೆ ಬಾವಿಯ ಹಗ್ಗಕ್ಕೆ ಕೈ ಹಾಕಿದ್ದನ್ನು ಜಯರಾಮಪ್ಪ ಭಾವನ ಹೆಂಡತಿ ಕದಿರಮ್ಮಕ್ಕ ಕಿಟಕಿಯಿಂದ ನೋಡಿ, "ಅಯ್ಯಯ್ಯೋ, ಹಗ್ಗ ಹಿಡ್ದವ್ನೆ! ಬರ್ರೋ!" ಎಂದು ಬೊಬ್ಬೆ ಹಾಕಿದಳು. ಮೂರು ಮನೆಯವರು ಓಡಿ ಬಂದರು.

ಇವರು ಹಗ್ಗ ಬಿಟ್ಟು, "ಅತ್ತಿಗೆ, ಚಡ್ಡಿ ಲಾಡಿ ಕಟ್ಟಾಕಾನ ಬಿಡ್ತೀರಾ, ಇಲ್ಲ ಅದ್ಕೂ ಜನ ಕಳಿಸ್ತೀರಾ?" ಎಂದರು.

"ಕಟ್ಕಳಪ್ಪ. ಬಿಗಿಯಾಗಿ ಎಳೀಬ್ಯಾಡ, ಬೆರಳು ನೊಂದೀತು."

ನಗುವಿಗೇನೂ ಕೊರತೆಯಿರಲಿಲ್ಲ. ಬೆಳಿಗ್ಗೆ ಸಂಜೆ ಅಭ್ಯಾಸವೂ ನಡೆಯುತ್ತಿತ್ತು. ನಾನು ಬೇರೆ ಮನೆಯ ಮಗ್ಗದ ಪಕ್ಕದಲ್ಲಿ ಕೂರಲು ಹೋಗುತ್ತಿದ್ದೆ. ಶ್ರಾವಣದ ಹೊತ್ತಿಗೆ ಒಂದು ಮಧ್ಯಾಹ್ನ ಮನೆಗೆ ಬಂದಾಗ ಅವರು ಕುರ್ಚಿಯ ಮೇಲೆ ಕೂತು ಹಿತ್ತಾಳೆ ಲೋಟವೊಂದನ್ನು ಈ ಕೈಯಿಂದ ಆ ಕೈಗೆ ಎಸೆದು ಹಿಡಿಯುತ್ತಿದ್ದರು. ಅವರ ಕಣ್ಣು ಲೋಟದ ಹಿಂದೆಯೇ ಹೋಗುತ್ತಿತ್ತು. ಆ ಮೊದಲು ಅವರ ಕಣ್ಣು ಕೈಯನ್ನು ನೋಡಿದ್ದನ್ನು ನಾನು ಕಂಡಿರಲಿಲ್ಲ. ಲೋಟ ಬಂಡೆಯ ಮೇಲೆ ಬಿದ್ದು ಉರುಳಿತು.

"ಲೋಟ ಬಿತ್ತಲ್ಲಪ್ಪ" ಎಂದರು ಅತ್ತೆ, ಬಾಗಿಲ ಬಳಿಯಿಂದ.

"ಬೀಳ್ಲಿ ಬಿಡವ್ವ" ಎಂದು ಅವರು ಅದನ್ನು ಎತ್ತಿಕೊಂಡರು.

ಮುಂದಿನ ಸಂಕ್ರಾಂತಿಗೆ ಜಿಲ್ಲಾ ತಂಡಕ್ಕೆ ಆರಿಸುವ ಪಂದ್ಯ ಬಂತು. ನಾನು ಮತ್ತೆ ಮಾಳಿಗೆಯ ಮೇಲೆ. ಬೀದಿಯವರು ಮಗ್ಗಗಳಿಗೆ ರಜ ಕೊಟ್ಟು ಲಾರಿ ಮಾಡಿಕೊಂಡು ಬಂದಿದ್ದರು. ಇವರಿಗೆ ಹೊಸ ಬಿಳಿ ಬನಿಯನ್ನು, ಹೊಸ ಬೂಟು. ಕೈಗಳು ಹೆಂಗಸರ ಕೈಯಂತೆ ನುಣುಪಾಗಿದ್ದವು.

ಮೊದಲ ಚೆಂಡು ಎಡಗಡೆಗೇ ಬಂತು. ಬ್ಯಾಟು ಬಲಗೈ ಬಿಟ್ಟಿತು. ಎಡಗೈ ಚಾಚಿತು. ಬ್ಯಾಟು ಬೆರಳ ತುದಿಗೆ ತಾಕಿ ನೆಲಕ್ಕೆ ಬಿತ್ತು. ಯಾರೋ ನಕ್ಕರು, ಮೊದಲ ಚೆಂಡಲ್ಲವೇ ಎಂದು ನಮ್ಮವರು ಧೈರ್ಯ ಹೇಳಿದರು. ಎರಡನೆಯ ಸಲ ಬ್ಯಾಟು ಸಿಕ್ಕಿತು, ಸಿಕ್ಕುವಷ್ಟರಲ್ಲಿ ಚೆಂಡು ದಾಟಿ ಹೋಗಿತ್ತು. ಆಮೇಲೆ ಅವರು ಕೈ ಬದಲಾಯಿಸುವುದನ್ನೇ ಬಿಟ್ಟು ಎಲ್ಲರ ಹಾಗೆ ಮೈ ತಿರುಗಿಸಿ ಆಡಿದರು. ಎಲ್ಲರ ಹಾಗೆ ಆಡಿದರೆ ಅವರು ಎಲ್ಲರಿಗಿಂತ ಹಿಂದೆ; ಅದನ್ನು ಅವರು ಯಾವತ್ತೂ ಕಲಿತಿರಲಿಲ್ಲ. ಸಾಯಂಕಾಲ ಹೆಸರು ಓದಿದರು. ಅವರ ಹೆಸರು ಬರಲಿಲ್ಲ. ಗಂಗಣ್ಣನ ಹೆಸರು ಬಂತು.

ಗಂಗಣ್ಣ ನಮ್ಮ ಲಾರಿಯ ಹತ್ತಿರ ಬಂದ. ಬೈಯಲು ಬಂದನೆಂದು ಜಯರಾಮಪ್ಪ ಭಾವ ತಯಾರಾಗಿ ನಿಂತರು. ಅವನು ಟವೆಲಿನಲ್ಲಿ ಕಟ್ಟಿ ತಂದ ಬೇಯಿಸಿದ ಕಡಲೆಕಾಯಿಯನ್ನು ಇವರ ಮಡಿಲಿಗೆ ಸುರಿದು, "ಏನಾಯ್ತಣ್ಣ ಕೈಗೆ? ಬೈಯಾನ ಅಂತ ಬಂದೆ, ಮನಸೇ ಬರಾಕಿಲ್ಲ" ಎಂದ. ಬೈದಿದ್ದರೆ ಚೆನ್ನಾಗಿತ್ತು. ಹಿಂದೂಪುರ ಬರುವವರೆಗೆ ಇವರು ಒಂದು ಕಾಯಿಯನ್ನೂ ಬಿಡಿಸಲಿಲ್ಲ.

ಬೀದಿಯಲ್ಲಿ ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ದೃಷ್ಟಿ ತಾಕಿದೆ ಎಂದರು. ಕೈಗೆ ಕೊಟ್ಟ ಬಿಡುವು ಸಾಲಲಿಲ್ಲ ಎಂದರು ವೆಂಕಟರಾಮಪ್ಪನವರು. "ವರ್ಸಗಟ್ಲೆ ದುಡಿದ ಕೈ ಕಣ್ರಪ್ಪ, ಒಂದು ವರ್ಸದಾಗೆ ದಣಿವು ಆರ್ತದಾ? ಇನ್ನೊಂದು ವರ್ಸ ನೋಡಾನ." ಹಾಲು, ಮೊಟ್ಟೆ ಇನ್ನೊಂದು ವರ್ಷ ಬಂದವು. ಆ ವರ್ಷ ಅವರ ಆಟ ಇನ್ನೂ ಕೆಟ್ಟಿತು. ಮೂರನೆಯ ವರ್ಷ ಬೀದಿಯ ತಂಡಕ್ಕೇ ಬೇರೆಯವರನ್ನು ಹಾಕಿಕೊಂಡರು, ಹಾಕಿಕೊಂಡದ್ದನ್ನು ಹೇಳಲು ನಾಚಿ ನಮ್ಮ ಬಾಗಿಲು ಬಿಟ್ಟು ಹಿಂದಿನ ಓಣಿಯಲ್ಲಿ ಬಯಲಿಗೆ ಹೋಗತೊಡಗಿದರು. ನಮ್ಮ ಪಾಲಿನ ಸೀರೆಗಳು ತಡವಾದವು, ಆಮೇಲೆ ನಿಂತವು. ಅವರ ತಪ್ಪೇನಿಲ್ಲ, ಅವರಿಗೂ ಮಕ್ಕಳುಮರಿ ಇತ್ತು. ಇವರು ಬೆಲ್ಲದ ಮಂಡಿಯಲ್ಲಿ ಗೋಣಿ ಹೊಲಿಯಲು ಹೋದರು. ಸಂಜೆ ಬಂದು ಕುರ್ಚಿಯ ಮೇಲೆ ಕೂರುತ್ತಿದ್ದರು. ಗೋಡೆಯಾಚೆ ಅಣ್ಣನ ಮಗ್ಗದ ಸದ್ದು ಬರುತ್ತಿತ್ತು, ಇವರ ಕಾಲಿನ ಹೆಬ್ಬೆರಳು ಬಂಡೆಯ ಮೇಲೆ ಆ ತಾಳಕ್ಕೆ ಒತ್ತುತ್ತಿತ್ತು.

ಒಂದು ದಿನ ಕೇಳಿಯೇಬಿಟ್ಟೆ. "ಇಗಾ, ಈ ಬಂಡೆ ತೆಗೆಸಿ ಮಗ್ಗ ಹೂಡ್ಬಾರ್ದಾ?"

"ಇದನ್ನ ಎತ್ತಾಕೆ ನಾಕಾಳು ಬೇಕು ಪದ್ಮಾ. ಯಾರ್ನ ಕರೀಲಿ? ಮಡಗಿದೋರ್ನೇ ಕರೀಬೇಕು. ನೀವು ಮಾಡಿದ್ದು ತಪ್ಪಾಯ್ತು, ಬಂದು ತೆಗೀರಿ ಅಂತ ಯಾವ ಬಾಯಾಗೆ ಅನ್ಲಿ? ನಮ್ಮನೆ ಒಲೆ ಉರೀಲಿ ಅಂತ ತಮ್ಮ ಕೆಲ್ಸ ಬಿಟ್ಟು ನೇದು ಕೊಟ್ಟವ್ರೆ."

ಅದಾದ ಮೇಲೆ ನಾನು ಆ ಮಾತೆತ್ತಲಿಲ್ಲ. ಬೀದಿಯವರ ಕಷ್ಟವೂ ಅದೇ ಇತ್ತೆಂದು ಆಮೇಲೆ ತಿಳಿಯಿತು. ತೆಗೆಯೋಣ ಎಂದರೆ, ನಿನ್ನ ಆಟ ಮುಗಿಯಿತು ಎಂದು ಅವರ ಬಾಯಿಂದಲೇ ಹೇಳಿದ ಹಾಗೆ ಆಗುತ್ತಿತ್ತು. ಇವರು ಅವರ ಮುಖ ನೋಡಿಕೊಂಡು ಸುಮ್ಮನಿದ್ದರು, ಅವರು ಇವರ ಮುಖ ನೋಡಿಕೊಂಡು ಸುಮ್ಮನಿದ್ದರು. ಬಂಡೆ ಮಾತ್ರ ತಣ್ಣಗೆ ಇತ್ತು.

ಎಂಬತ್ತೊಂದರಲ್ಲಿ ಕದಿರಮ್ಮಕ್ಕ ಮಗಳ ಬಾಣಂತನಕ್ಕೆ ಚಿಲಮತ್ತೂರಿಗೆ ಹೋದಳು. ಜಯರಾಮಪ್ಪ ಭಾವನ ಮಗ್ಗದ ಪಕ್ಕದ ಜಾಗ ಖಾಲಿಯಾಯಿತು. ನಾನು ಬೇರೆ ಮನೆಗೆ ಒಪ್ಪಿಕೊಂಡಿದ್ದೆ, ಬಿಡುವ ಹಾಗಿರಲಿಲ್ಲ. ಮದುವೆ ಸೀರೆ ಅರ್ಧಕ್ಕೆ ನಿಂತು ಭಾವ ಒದ್ದಾಡುತ್ತಿದ್ದಾಗ ನಮ್ಮ ಯಜಮಾನರು ಕಿಟಕಿಯಲ್ಲಿ ಇಣುಕಿ, "ನಾನು ಬತ್ತೀನಿ ತಗಳಣ್ಣ" ಎಂದರು.

"ಹೆಂಗಸ್ರ ಜಾಗದಾಗೆ ಕುಂತ್ಕತೀಯೇನ್ಲಾ? ಬೀದಿಯೋರು ನಗಾಕಿಲ್ವಾ?"

"ನಗ್ಲಿ. ನಕ್ಕು ಬಲು ದಿನ ಆಯ್ತು."

"ಜರಿ ಎಳೆ ಕಣ್ಲಾ, ಕೈ ಕೆಟ್ಟೋಯ್ತದೆ."

"ಕೆಡಾಕೆ ಇನ್ನೇನೈತಣ್ಣ?"

ಭಾವ ಪಕ್ಕಕ್ಕೆ ಸರಿದು ಜಾಗ ಮಾಡಿದರು.

ಹೆಂಗಸರು ನಕ್ಕದ್ದು ನಿಜ. "ಏನಮ್ಮಾ, ಓರಗಿತ್ತಿ ಚೆನ್ನಾಗವ್ಳಾ?" ಎಂದು ನನ್ನನ್ನು ಕೇಳುತ್ತಿದ್ದರು. ಇವರು ಮಂಡಿಯ ಕೆಲಸ ಬಿಟ್ಟು ದಿನವೂ ಅಲ್ಲಿ ಕೂತು ಅಂಚಿನ ಲಾಳಿ ಹಾಕಿದರು. ಮೊದಮೊದಲು ಎಳೆ ಕಡಿದು ಭಾವ ಬೈಯುವುದು ಕಿಟಕಿಯಲ್ಲಿ ಕೇಳುತ್ತಿತ್ತು. ಭಾವನಿಗೆ ಸೊಂಟನೋವು ಬಂದ ದಿನ ಜಾಗ ಬದಲಾಯಿಸಿಕೊಂಡರು. ಇವರು ಗುಂಡಿಗೆ ಇಳಿದರು, ಭಾವ ಹೆಂಗಸರ ಜಾಗದಲ್ಲಿ ಕೂತರು. ಸೊಂಟನೋವು ಕದಿರಮ್ಮಕ್ಕ ವಾಪಸು ಬರುವವರೆಗೂ ವಾಸಿಯಾಗಲಿಲ್ಲ. ನಿಜವಾಗಿ ಇತ್ತೋ ಇಲ್ಲವೋ, ಭಾವ ಕೊನೆಯವರೆಗೂ ಹೇಳಲಿಲ್ಲ.

ಒಂದು ದಿನ ನೇಯುತ್ತ ಇದ್ದ ಹಾಗೆಯೇ ಇವರು ಬೀಡಿ ಹಚ್ಚಲು ಬೆಂಕಿಪೊಟ್ಟಣ ಕೇಳಿದರಂತೆ. ಭಾವ ಹೇಳದೆ ಕೇಳದೆ ಎಸೆದರು. ಲಾಳಿ ಬಿಟ್ಟ ಎಡಗೈ ಹಾಗೇ ಮೇಲೆದ್ದು ಪೊಟ್ಟಣ ಹಿಡಿದು, ಮಡಿಲಲ್ಲಿಟ್ಟು, ತಿರುಗಿ ಲಾಳಿ ಹಿಡಿಯಲು ಹೊತ್ತಿಗೆ ಸರಿಯಾಗಿ ಹೋಯಿತು. ಕಣ್ಣು ಜರಿಯ ಹೂವಿನ ಮೇಲೆಯೇ ಇತ್ತು. ಭಾವ ಎದ್ದು ಬಂದು, ಹಿತ್ತಲಲ್ಲಿ ಹುಣಿಸೆ ಬಿಡಿಸುತ್ತಿದ್ದ ಅತ್ತೆಯ ಪಕ್ಕ ಕೂತರು. ನಾನೂ ಅಲ್ಲಿದ್ದೆ.

"ಅವ್ವ, ನಾವು ಕೈಗೆ ಬಿಡುವು ಕೊಟ್ವಿ ಅಂತಿದ್ವಿ. ಮಗ್ಗಾನೇ ಆ ಕೈಗೆ ಅನ್ನ, ಅದನ್ನೇ ಕಿತ್ಕಂಡಿದ್ವಿ ಕಣವ್ವ."

ಅತ್ತೆ ಕೈಯಲ್ಲಿದ್ದ ಹುಣಿಸೆಯ ಬೀಜ ತೆಗೆದು ಪಕ್ಕಕ್ಕೆ ಹಾಕಿ, "ಬಂಡೆ ಯಾರದು?" ಎಂದು ಕೇಳಿದರು.

"ವೆಂಕಟರಾಮಪ್ಪ ಮಾವಂದು."

"ಸರಿ."

ಮರುದಿನ ಬೆಳಿಗ್ಗೆ ಅತ್ತೆ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು ವೆಂಕಟರಾಮಪ್ಪನವರ ಜಗಲಿಗೆ ಹೋದರು. ನನ್ನನ್ನೂ ಕರೆದುಕೊಂಡು ಹೋಗಿದ್ದರು.

"ವೆಂಕಟರಾಮಪ್ಪ, ನಿನ್ ಬಂಡೆ ನಂಗೆ ಬೇಕು ಕಣಪ್ಪ."

"ಯಾವ ಬಂಡೆ ಸರಸ್ವತಕ್ಕ?"

"ನಮ್ಮನೇಲಿ ಸುಮ್ಕೆ ಬಿದ್ದೈತಲ್ಲ, ಅದು. ಹಿತ್ಲಾಗಿನ ಒಗೆಯೋ ಕಲ್ಲು ಸವೆದು ಚೂಪಾಗಿ ಸೀರೆಯೆಲ್ಲ ಹರೀತಾ ಐತೆ."

ಅವರು ಅತ್ತೆಯ ಸೀರೆ ನೋಡಿದರು. ಎಲ್ಲೂ ಹರಿದಿರಲಿಲ್ಲ. 'ಅದು ಗುಂಡಿ ಮುಚ್ಚಿದ ಬಂಡೆಯಲ್ಲವೇ' ಎನ್ನಲಿಲ್ಲ. ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಎಲೆಯನ್ನು ತಟ್ಟೆಯಲ್ಲಿಟ್ಟರು.

"ಮೊದ್ಲೇ ಕೇಳ್ಬಾರ್ದಿತ್ತಾ ಅಕ್ಕ."

"ಮೊದ್ಲು ಸೀರೆ ಹರಿದಿರ್ಲಿಲ್ಲ ಕಣಪ್ಪ."

"ತಗಳಕ್ಕ. ಕಲ್ಲು ತಾನೇ. ನಾನೇ ಗಡಾರಿ ತತ್ತೀನಿ."

ಆ ಸಂಜೆ ತಂಡದ ಐವರೂ ಬಂದರು. ಒಂದು ವರ್ಷದಿಂದ ಹಿಂದಿನ ಓಣಿಯಲ್ಲಿ ಓಡಾಡಿದವರು ಮುಂಬಾಗಿಲಿನಿಂದ ಒಳಗೆ ಬಂದರು. ವೆಂಕಟರಾಮಪ್ಪನವರು ಗಡಾರಿ ಹಾಕಿ ಮೀಟಿದರು. ಬಂಡೆ ಎದ್ದಿತು. ಗುಂಡಿಯೊಳಗೆ ಒಂದು ದಪ್ಪ ಕಪ್ಪೆ ಕೂತಿತ್ತು, ಬೆಳಕಿಗೆ ಕಣ್ಣು ಮಿಟುಕಿಸಿತು.

"ಇಷ್ಟು ದಿನ ನಿನ್ ಬದ್ಲು ಇವ್ನೇ ನೇಯ್ತಿದ್ದ ಕಣ್ಲಾ" ಎಂದರು ಭಾವ. ಎಲ್ಲರೂ ನಕ್ಕರು, ಬೇಕಾದ್ದಕ್ಕಿಂತ ಹೆಚ್ಚೇ ನಕ್ಕರು.

ಬಂಡೆಯನ್ನು ದುಂಡು ಮರದ ಮೇಲೆ ಉರುಳಿಸಿಕೊಂಡು ಹಿತ್ತಲಿಗೆ ಸಾಗಿಸಿದರು. ಅತ್ತೆ ಮುಂದೆ ನಿಂತು, ಇಲ್ಲಿ ಅಲ್ಲ ಅಲ್ಲಿ, ನೀರು ಹರಿಯುವ ಕಡೆ ಓರೆ ಇರಲಿ ಎಂದು ನಿಜವಾಗಿ ಬಟ್ಟೆಗೇ ಬೇಕಾದವರ ಹಾಗೆ ಹೇಳಿಸಿ ಹಾಕಿಸಿಕೊಂಡರು. ಕೈ ತೊಳೆದು ಎಲ್ಲರೂ ಮತ್ತೆ ಒಳಗೆ ಬಂದು ಗುಂಡಿಯ ಸುತ್ತ ನಿಂತರು.

ವೆಂಕಟರಾಮಪ್ಪನವರು ಸೂರು ನೋಡುತ್ತ, "ಬಾಯಿ ತೆರ್ದ ಗುಂಡಿ ಅಂಗೇ ಬಿಡಬಾರ್ದು" ಎಂದರು.

"ಯಾರಾನ ಇಳಿದು ಕುಂತ್ಕಬೇಕು" ಎಂದರು ಭಾವ, ಗೋಡೆ ನೋಡುತ್ತ.

ನಮ್ಮ ಯಜಮಾನರು ಕಬ್ಬಿಣದ ಕುರ್ಚಿಯನ್ನು ಮಡಚಿ ಗೋಡೆಗೆ ಒರಗಿಸಿದರು. ಕಪ್ಪೆಯನ್ನು ಟವೆಲಿನಲ್ಲಿ ಹಿಡಿದು ಆಚೆ ಬಿಟ್ಟು ಬಂದರು. ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟರು. ಆಗ ವೆಂಕಟರಾಮಪ್ಪನವರು ಸೂರಿನಿಂದ ಕಣ್ಣು ಇಳಿಸಿ, "ತುಳಿಯೋ ಮಣೆ ಗೆದ್ದಲು ತಿಂದೈತಲ್ಲ, ನಮ್ಮನೇಲಿ ಒಂದು ಜೊತೆ ಐತೆ, ಕಳಿಸ್ತೀನಿ" ಎಂದು ಹೇಳಿ ಹೋದರು. ಹೋಗುವಾಗ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು.

ಹೊಸ ಹಾಸು ಹೂಡಿದ ದಿನ ನಾನು ನನ್ನ ಪಕ್ಕದ ಜಾಗಕ್ಕೆ ಬಂದೆ. ಅಣ್ಣನ ಮಗ್ಗದಲ್ಲಿ ಕೈ ತಿರುಗಿದ್ದರೂ ಇಲ್ಲಿ ಹೊಸ ಎಳೆ, ಹೊಸ ಮಣೆ. ಮೊದಲ ದಿನ ಲಾಳಿ ತಡವಾಗಿ ಬಂತು. ಮಾತು ಬಿಟ್ಟು ನೇದರು. ಆಮೇಲಾಮೇಲೆ ಮಾತು ಶುರುವಾಯಿತು, ಬೀಡಿ ಶುರುವಾಯಿತು, ಕದಿರಮ್ಮಕ್ಕನ ಜೊತೆ ಕಿಟಕಿಯಲ್ಲಿ ಜಗಳ ಶುರುವಾಯಿತು.

ಅವರು ಮತ್ತೆ ಯಾವ ಕಪ್ಪಿಗೂ ಆಡಲಿಲ್ಲ. ಜಿಲ್ಲೆಯವರು ಮರೆತರು. ಎಂಬತ್ತೈದರಲ್ಲಿ ಗಂಗಣ್ಣ ಮಗಳ ಮದುವೆ ಸೀರೆಗೆಂದು ಹುಡುಕಿಕೊಂಡು ಬಂದು ಆ ಕಬ್ಬಿಣದ ಕುರ್ಚಿಯ ಮೇಲೆ ಕೂತು, "ಈ ಕೈಯಾಗಿಂದ್ಲೇ ಬೇಕು ಕಣಣ್ಣ, ನಾನು ಸೋತಿದ್ದು ಈ ಕೈಗೇನೆ" ಎಂದ. ಸೊಂಟನೋವು ಬಂದು ಅಷ್ಟರಲ್ಲಿ ಅವನ ಆಟವೂ ನಿಂತಿತ್ತು. ಬೀದಿಗೆ ಪವರ್ ಲೂಮು ಬಂದ ಮೇಲೂ ನಮ್ಮ ಯಜಮಾನರು ಗುಂಡಿ ಬಿಡಲಿಲ್ಲ. ತೊಂಬತ್ತಾರರ ಬೇಸಗೆಯಲ್ಲಿ ಎರಡು ದಿನದ ಜ್ವರದಲ್ಲಿ ಹೋದರು. ಮಗ್ಗದ ಮೇಲೆ ಸೀರೆ ಇತ್ತು, ಸೆರಗಿನವರೆಗೆ ಬಂದಿತ್ತು. ಜಯರಾಮಪ್ಪ ಭಾವ ಇಳಿದು ಕೂತು ಅದನ್ನು ಮುಗಿಸಿದರು.

ಆದರೆ ಯಜಮಾನರನ್ನು ನೆನೆದಾಗ ನನಗೆ ಮೊದಲು ಕಾಣುವುದು ಬಂಡೆ ತೆಗೆಸಿದ ಮರುವರ್ಷದ ಒಂದು ಸಂಜೆ. ಅವರು ಮತ್ತೆ ಬಯಲಿಗೆ ಹೋಗತೊಡಗಿದ್ದರು, ಸುಮ್ಮನೆ, ಕಾಲು ಸಡಿಲಿಸಲು. ನಾನೂ ಅತ್ತೆಯೂ ಮೋಟುಗೋಡೆಯ ಮೇಲೆ ಕೂತಿದ್ದೆವು. ವೆಂಕಟರಾಮಪ್ಪನವರು ಹುಣಿಸೆಮರದ ಬುಡದಲ್ಲಿದ್ದರು. ಚೆಂಡು ಇವರ ಎಡಗಡೆ, ದೂರಕ್ಕೆ ಬಂತು. ಇವರು ಏನೋ ಹೇಳುತ್ತಿದ್ದರು, ಮಂಡಿಯಲ್ಲಿ ಬೆಲ್ಲದ ವಿಷಯ. ಮಾತು ನಿಲ್ಲಲಿಲ್ಲ. ಬ್ಯಾಟು ಬಲಗೈ ಬಿಟ್ಟು ಎಡಗೈಗೆ ಬಂತು, ಚೆಂಡು ಬಲೆಗೆ ತಾಕದ ಹಾಗೆ ಆಚೆ ಬಿತ್ತು. ಯಾರೂ ಎತ್ತಲಿಲ್ಲ. ಎಲ್ಲರೂ ನಿಂತುಬಿಟ್ಟಿದ್ದರು.

"ಯಾಕ್ರಲಾ ನಿಂತ್ಬುಟ್ರಿ?" ಎಂದು ಕೇಳಿದರು ಇವರು. ಅವರಿಗೆ ಗೊತ್ತೇ ಆಗಿರಲಿಲ್ಲ.

ಮರದ ಬುಡದಲ್ಲಿದ್ದ ವೆಂಕಟರಾಮಪ್ಪನವರು ಮುಖ ಆ ಕಡೆ ತಿರುಗಿಸಿ, ಒಂದು ಮೋಡವೂ ಇಲ್ಲದ ಆಕಾಶ ನೋಡಿ, "ಮಳೆ ಬರಂಗೈತೆ" ಎಂದರು.

"ಯಾರೂ ಏನೂ ನೋಡ್ಲಿಲ್ಲ" ಎಂದರು ಜಯರಾಮಪ್ಪ ಭಾವ. "ಸರ್ವೀಸ್ ಹಾಕ್ಲಾ."

ಅತ್ತೆ ನನ್ನ ಪಕ್ಕದಲ್ಲಿ ಸೆರಗು ಸರಿಮಾಡಿಕೊಂಡು, ಮರದ ಬುಡದವರೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ಒಗೆಯೋ ಕಲ್ಲು ನಂದು. ಇನ್ನು ಯಾರು ಕೇಳಿದ್ರೂ ಕೊಡಾಕಿಲ್ಲ."